ಅಪ್ಪಾ ಮಲಗ್ಯಾರ

ಜುಲೈ ೧೬, ಬುಧವಾರ. ದಾಂಡೇಲಿ

ಇವತ್ತ ಶೈಲಾ ಟೀಚರ್ ನನ್ನ ಸಾಲಿಗೆ ಕರೆಸಿದ್ರು. "ನಿಮ್ಮ ಭಾಗ್ಯಾ ತಿಂಗಳಾತು, ಕ್ಲಾಸಿನ್ಯಾಗ ಬಾಯಿ ಬಿಟ್ಟಿಲ್ಲ. ಮನ್ಯಾಗೂ ಹಿಂಗ ಏನ್ರಿ?" ಅಂತ ಕೇಳಿದ್ರು. "ಸಣ್ಣಾಕಿ ಇದ್ದಾಗಿಂದ ಭಾಳ ಶಾಂತರೀ" ಅಂತ ನಾ ಹೆಮ್ಮೀಲೆ ಹೇಳಿದೆ. ಅವರು ಆಕಿ ನೋಟ್‌ಬುಕ್ಕಿನ ಕಡೀ ಹಾಳಿ ತೆಗೆದು ಮುಂದ ಇಟ್ರು. "ನಾ ಇಲ್ಲಂದ್ರೂ ಯಾರಿಗೂ ಗೊತ್ತಾಗೂದಿಲ್ಲ" ಅಂತ ಬರೆದಿದ್ಲು. ಹತ್ತನೇ ಕ್ಲಾಸಿನ ಹುಡುಗಿ. ಆ ಸಾಲು ಮತ್ತೊಮ್ಮೆ ಓದಿದೆ.

ಆ ಶಾಂತಿ ಕಲಿಸಿದಾಕಿ ನಾನ. ನಮ್ಮ ಮನಿಯವರು ಮಿಲ್ಲಿನ್ಯಾಗ ರಾತ್ರಿ ಪಾಳಿ ಮುಗಿಸಿ ಬಂದು ಹಗಲೆಲ್ಲಾ ಮಲಗತಾರ. ಆಕಿ ನಕ್ಕರೂ, ಅತ್ತರೂ, ಹಾಡಿದ್ರೂ ತುಟಿ ಮ್ಯಾಲ ಬೆರಳಿಟ್ಟು "ಅಪ್ಪಾ ಮಲಗ್ಯಾರ" ಅಂತಿದ್ದೆ. ಮಗಳು ಅಂದ್ರ ಹಿಂಗಿರಬೇಕು ಅಂತ ಓಣಿಯವರೆಲ್ಲಾ ಹೊಗಳಿದ್ರು. ಸುಡಲಿ ಆ ಹೊಗಳಿಕಿ!

"ಬೈಬ್ಯಾಡ್ರಿ. ಇವತ್ತ ಆಕೀನ್ನ ಒಬ್ಬಾಕೀನ್ನ ಬಿಡಬ್ಯಾಡ್ರಿ. ನಾಳೆ ಧಾರವಾಡಕ್ಕ ಡಾಕ್ಟರ್ ಕಡೆ ಹೋಗೂಣು, ನಾನೂ ಬರ್ತೇನಿ" ಅಂದ್ರು ಟೀಚರ್. ನಾಳೆ ತನಕಾ ನಾ ಏನು ಮಾಡಲಿ ದೇವರೇ?

ಇವರು ಪಾಳಿಗೆ ಹೋದ ಮ್ಯಾಲ ಆಕಿ ಬಾಜೂಕ ಕುಂತೆ. "ಏನಾಗೇತಿ ಹೇಳವಾ, ಚೀರಿ ಹೇಳು, ನನ್ನ ಬೈದಾದ್ರೂ ಹೇಳು" ಅಂತ ಕೈ ಮುಗಿದೆ. ಆಕಿ ಸೆರಗು ಹಿಡಕೊಂಡು ಅತ್ಲು. ಮೈಯೆಲ್ಲಾ ನಡುಗತಿತ್ತು, ಬಾಯಿ ತೆರೆದಿತ್ತು. ಆದ್ರ ಸಪ್ಪಳ ಬರಲಿಲ್ಲ. ಮನ್ಯಾಗ ಯಾರೂ ಮಲಗಿದ್ದಿಲ್ಲ.

ಈಗ ಆಕಿಗೆ ನಿದ್ದಿ ಹತ್ತೇತಿ. ಉಸಿರೂ ಸಪ್ಪಳಿಲ್ಲದ ತಗೋತಾಳ. ಎರಡು ಸಾಲು ಬರೆಯೂದ್ರಾಗ ನಾ ಒಮ್ಮೆ ಎದ್ದು ಆಕಿ ಮೂಗಿನ ಮುಂದ ಕೈ ಹಿಡಿದು ನೋಡಾಕತ್ತೇನಿ.