ಉಂಡೆ ಕೈಯಲ್ಲಿದ್ದಾಗ

ಸ್ಟಾಫ್ ರೂಮು,
ಗುರುವಾರ, ಜುಲೈ ೧೮

ಅಕ್ಕಾ,

ಹೇಗಿದ್ದೀಯಾ? ನಿನ್ನ ಕಾಗದ ಬಂದು ವಾರವಾಯಿತು. ತಡಮಾಡಿದ್ದಕ್ಕೆ ಬೈದುಕೋ. ಬರೆಯಲು ಕೂತಾಗೆಲ್ಲ ಸಿಟ್ಟು ನೆತ್ತಿಗೇರಿ ಹಾಳೆ ಹರಿದುಹಾಕಿದ್ದೇನೆ. "ಮಕ್ಕಳೆದುರು ಭಾವನಿಗೆ ಎದುರಾಡ್ತಾರಾ? ಹೋಗಿ ಕ್ಷಮೆ ಕೇಳು" ಅಂತ ಬರೆದಿದ್ದೀಯಲ್ಲ! ಅವರು ನಿನ್ನ ಗಂಡ, ನನ್ನ ಹೆಡ್‌ಮಾಸ್ಟರು, ಎರಡೂ ನಿಜ. ವಾರಕ್ಕೊಮ್ಮೆ ಮನೆಗೆ ಬಂದಾಗ ನಿನಗೆ ಏನು ಹೇಳಿದರೋ, ಈಗ ನನ್ನ ಮಾತನ್ನೂ ಕೇಳು.

ಸ್ವೆಟರ್ ಹೆಣೆದು ಉಳಿದ ಕೆಂಪು ಉಣ್ಣೆಯ ಉಂಡೆ ನನಗೆ ಕೊಟ್ಟಿದ್ದೆಯಲ್ಲ? ತರಗತಿಯಲ್ಲಿ ಮಕ್ಕಳು ಜಗಳವಾಡಿದರೆ ಬೆಂಚು ಸರಿಸಿ ದುಂಡಗೆ ಕೂರುತ್ತೇವೆ. ಉಂಡೆ ಯಾರ ಕೈಲಿದೆಯೋ ಅವರದೇ ಮಾತು, ಉಳಿದವರ ಬಾಯಿಗೆ ಬೀಗ. ನಿಜ ಹೇಳಿದವರಿಗೆ ಏಟಿಲ್ಲ, ಕೆಡಿಸಿದ್ದನ್ನು ಸರಿಮಾಡಿದರೆ ಸಾಕು. ಮೊದಮೊದಲು ಬರೀ ಕಿಸಿಕಿಸಿ ನಗು. ಬರಬರುತ್ತಾ ಆ ತಂಟೆಕೋರರೇ ಒಬ್ಬರ ಮಾತಿಗೊಬ್ಬರು ಕಿವಿಗೊಟ್ಟರು.

ಹೋದ ತಿಂಗಳು ಒಬ್ಬಳು ವಾಚಾಳಿ, ನಾವೆಲ್ಲ ರೇಡಿಯೋ ಅಂತ ಕರೆಯುವವಳು, ಉಂಡೆ ಹಿಡಿದು "ಗ್ಲೋಬ್ ಒಡೆದಿದ್ದು ನಾನೇ ಮಿಸ್" ಅಂದಳು. ಗೆಳತಿಯರ ಜೊತೆ ಕೂತು ಅಂಟು ಹಚ್ಚಿ ಜೋಡಿಸಿದಳು. ಒಂದು ಸಾಗರ ಸೊಟ್ಟಗಾಯಿತು, ಆಗಲಿ. ಮರುದಿನ ಸುದ್ದಿ ಕಿವಿಗೆ ಬಿದ್ದು ಭಾವ ತರಗತಿಗೆ ಬಂದವರೇ ಎಲ್ಲರೆದುರು ಅವಳ ಕೆನ್ನೆಗೆ ಬಾರಿಸಿದರು. "ಅವಳೇ ಒಪ್ಕೊಂಡಿದಾಳಲ್ಲ, ಇನ್ನೇನು?" ಅಂದರು.

ನಾನು ಉಂಡೆಯನ್ನು ಅವರ ಮುಂದೆ ಹಿಡಿದು, "ಕೂತ್ಕೊಂಡು ಮಾತಾಡಿ ಸರ್, ಅವಳು ಹೇಳೋದನ್ನೂ ಕೇಳಿ" ಅಂದೆ. ನಾನು ಎದುರಾಡಿದ್ದು ಇಷ್ಟೇ. "ನಿಂದೆಲ್ಲಾ ಹುಡುಗಾಟ" ಅಂತ ಅದನ್ನು ಕಸದ ಬುಟ್ಟಿಗೆ ಎಸೆದು ಹೊರಟುಹೋದರು.

ಹೆಕ್ಕಿ ತಂದು ಮಕ್ಕಳನ್ನು ಮತ್ತೆ ದುಂಡಗೆ ಕೂರಿಸಿದೆ. ಉಂಡೆ ಕೈಯಿಂದ ಕೈಗೆ ಸುತ್ತುತ್ತದೆ, ಒಬ್ಬರೂ ತುಟಿ ಬಿಚ್ಚುವುದಿಲ್ಲ. ರೇಡಿಯೋ ನನ್ನ ಮುಖವನ್ನೂ ನೋಡುವುದಿಲ್ಲ. ಏಟಿಲ್ಲ ಅಂತ ಮಾತು ಕೊಟ್ಟವಳು ನಾನಲ್ಲವಾ? ಅವಳ ಹತ್ತಿರ ಕ್ಷಮೆ ಕೇಳಿದ್ದೇನೆ. ಭಾವನ ಹತ್ತಿರ ಕೇಳುವುದಿಲ್ಲ, ನೀನು ಎಷ್ಟು ಕಾಗದ ಬರೆದರೂ ಅಷ್ಟೇ.

ಸರಿಯಾಗಿ ಊಟ ಮಾಡು. ನಿನ್ನ ಮಗಳಿಗೆ ಈ ಚಿಕ್ಕಮ್ಮನ ಆಶೀರ್ವಾದ, ಅವಳ ಮಾತು ಯಾವತ್ತೂ ನಿಲ್ಲದಿರಲಿ.

ನಿನ್ನ ತಂಗಿ

ತಾ.ಕ.: ಉಂಡೆಯನ್ನು ಇದರ ಜೊತೆ ಕಳಿಸಿದ್ದೇನೆ, ಇಲ್ಲಿ ಅದಕ್ಕೀಗ ಕೆಲಸವಿಲ್ಲ. ರೇಡಿಯೋಳ ಕೆನ್ನೆಯ ಮೇಲೆ ಬೆರಳುಗಳ ಜೊತೆ ಉಂಗುರದ ಗುರುತೂ ಮೂಡಿತ್ತು. ಅಂಥದೇ ಗುರುತನ್ನು ಮೊದಲೂ ಒಂದು ಕೆನ್ನೆಯ ಮೇಲೆ ನೋಡಿದ್ದೆ. ಆವತ್ತು ನೀನು "ಬಾಗಿಲು ತಗುಲಿತು ಕಣೆ" ಅಂದಿದ್ದೆ. ಈಗ ಉಂಡೆ ನಿನ್ನ ಕೈಲಿದೆ ಅಕ್ಕಾ. ಹೇಳು, ನಾನು ನಡುವೆ ಬಾಯಿ ಹಾಕುವುದಿಲ್ಲ.