ಕೆಂಪು ದಾರದ ಹೀರೇಕಾಯಿ

ಭಾನುವಾರ, ಅಕ್ಟೋಬರ್ ೧೨

ಮೊಮ್ಮಗಳು ಅತ್ತು ಮಲಗಿದ್ದಾಳೆ. ಇನ್ನು ಬೀದಿಯವರೆಲ್ಲ ಸೇರಿ ಬೆಳೆಸುವ ತೋಟಕ್ಕೆ ಬರುವುದೇ ಇಲ್ಲವಂತೆ.

ಬೀಜಕ್ಕೆ ಬಿಟ್ಟ ಕಾಯಿಗೆ ನಾವು ಕೆಂಪು ದಾರ ಕಟ್ಟುತ್ತೇವೆ. ಅದನ್ನು ಯಾರೂ ಕೀಳುವುದಿಲ್ಲ. ಇವಳು ಚೆಂದಕ್ಕೆಂದು ಚಪ್ಪರದ ಹೀರೇಕಾಯಿಗಳಿಗೆಲ್ಲ ಕಟ್ಟಿಬಿಟ್ಟಿದ್ದಳು. ಇನ್ಯಾರೋ ಕಟ್ಟಿರಬೇಕೆಂದು ಹಿರಿಯರೆಲ್ಲ ಸುಮ್ಮನಿದ್ದೆವು. ಕಾಯಿಗಳು ಬಲಿತು ಒಣಗಿದವು. ಇವತ್ತು ಮನೆಮನೆಗೆ ಹಂಚುವ ಬುಟ್ಟಿ ಅರ್ಧ ಖಾಲಿ.

"ಯಾವ ಪುಣ್ಯಾತ್ಮರ ಕೆಲಸ ಇದು?" ಎಂದು ದರ್ಜಿ ಅಕ್ಕ ಗದರಿದ್ದೇ ತಡ, ಇವಳು ಮನೆಗೆ ಓಡಿದಳು. ಆಮೇಲೆ ಅಕ್ಕ ಒಂದು ಒಣ ಕಾಯಿ ಅಲ್ಲಾಡಿಸಿದರು. ಗಲಗಲ ಎಂದಿತು. ನಕ್ಕುಬಿಟ್ಟರು.

"ನಿನ್ನ ಮೊಮ್ಮಗಳು ಬೀದಿಗೆಲ್ಲ ಬೀಜ ಮಾಡಿಟ್ಟಿದ್ದಾಳಲ್ಲಯ್ಯಾ! ನಾಳೆ ಕಳಿಸು, ಬಿಡಿಸೋಕೆ ನನಗೂ ಜೊತೆ ಬೇಕು."

ಈಗ ಅದನ್ನೇ ಇವಳ ಕಿವಿಯಲ್ಲಿ ಹೇಳಿದೆ. ನಿದ್ದೆಗಣ್ಣಲ್ಲೇ, "ಬೇಗ ಎಬ್ಬಿಸು ತಾತಾ," ಅಂದಳು. ನನಗೋ, ಬೀದಿಯ ಗೋಡೆಗಳ ಮೇಲೆಲ್ಲ ಹೀರೆಯ ಹಳದಿ ಹೂ ಅರಳುತ್ತಾ ಹೋದಂತೆ ಕಂಡಿತು...