ಚೌಡಮ್ಮನವರ ಸೀಟು

೧೭ ಜೂನ್ ೨೦೨೫, ಮಂಗಳವಾರ

ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತೇನೆ: ಈ ದಿನ ನಲವತ್ತಮೂರು ಕಂಪ್ಯೂಟರುಗಳ ಬಾಯಿಂದ ಕನ್ನಡವನ್ನು ಕಿತ್ತುಕೊಂಡವನು ನಾನೇ.

ಅನುಮತಿಯಿಲ್ಲದ ಸಾಫ್ಟ್‌ವೇರುಗಳನ್ನು ತೆಗೆದುಹಾಕುವ ಪುಟ್ಟ ಪ್ರೋಗ್ರಾಮೊಂದನ್ನು ಶಿವಮೊಗ್ಗದ ಹೆಡ್ಡಾಫೀಸಿನ ಐಟಿ ಕುರ್ಚಿಯಿಂದ ಏಳದೆ, ಕ್ಲೌಡ್ ಮೂಲಕ ನಮ್ಮ ಕಂಪನಿಯ ಎಲ್ಲ ಶಾಖೆಗಳಿಗೂ ಬಿಟ್ಟೆ. ಅನುಮತಿ ಪಟ್ಟಿಗೆ ಕನ್ನಡ ಟೈಪಿಂಗಿನ ‘ನುಡಿ’ಯನ್ನು ಸೇರಿಸಲು ಮರೆತಿದ್ದೆ. ನುಡಿ ತಪ್ಪಿದವನು ಎಂದರೆ ಇನ್ನು ಮುಂದೆ ನಾನೇ.

ಭದ್ರಾವತಿ ಶಾಖೆಯಲ್ಲಿ ಕನ್ನಡ ಪತ್ರ ಟೈಪ್ ಮಾಡುವವರು ಚೌಡಮ್ಮ ಒಬ್ಬರೇ. ಫೋನಿನಲ್ಲಿ ಅಳುವಂತಿದ್ದರು. “ನಾನೇ ಏನೋ ಒತ್ಬಿಟ್ಟೆ ಸಾರ್. ವಯಸ್ಸಾಯ್ತು, ಸೀಟು ಹೊಸ ಹುಡುಗಿ ರಕ್ಷಾಗೆ ಬಿಟ್ಟು ಗೋಡೌನ್‌ಗೆ ಹೋಗಿ ಅಂತಾರೆ ಮ್ಯಾನೇಜರ್ರು.”

“ಹೆದರ್ಬೇಡಿ ಚೌಡಮ್ಮೋರೆ, ನಾನಿದೀನಲ್ಲ” ಎಂದು ಹತ್ತೇ ನಿಮಿಷದಲ್ಲಿ ಎಲ್ಲವನ್ನೂ ಮರಳಿ ಹಾಕಿದೆ. “ದೇವ್ರು ಬಂದಂಗೆ ಬಂದ್ರಿ” ಎಂದರು. ತಪ್ಪು ಯಾರದೆಂದು ನಾನು ಹೇಳಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯೆದುರು ಕೊಚ್ಚಿಕೊಂಡೆ: “ಇವತ್ತು ಒಬ್ರ ಸೀಟು ಉಳಿಸ್ದೆ ಕಣೇ.”

“ಅಲ್ಲಾಡ್ಸಿದ್ದು ಯಾರು ಮಾರಾಯ್ರೆ?” ಎಂದಳು ಸಮತಾ. ನಾನು ಸಾರು ಚೆನ್ನಾಗಿದೆ ಎಂದೆ.

ಅವಳಿಗೆ ಹೇಳದೆ ಉಳಿದದ್ದು ಇಷ್ಟು. ನಾಳೆಯಿಂದ ಆ ಸೀಟಿನಲ್ಲಿ ರಕ್ಷಾ ಕೂರುತ್ತಾಳೆ. ಸಂಜೆ ಮ್ಯಾನೇಜರ್ ಫೋನ್ ಮಾಡಿ, “ಆಯಮ್ಮನೇ ಏನೋ ಒತ್ತಿದ್ದಾ?” ಎಂದು ಕೇಳಿದಾಗ, “ಇರ್ಬಹುದು ಸಾರ್” ಎಂದವನು ನಾನು.